ಸ್ಟ್ರಿಪ್ ಇಲ್ಲದ ಇನ್ಸುಲಿನ್

ಇವತ್ತು ನಾನು ಮಾತಾಡಬೇಕೆಂದಿರುವುದು ಕಿರುಬೆರಳಿಗಿಂತ ಚಿಕ್ಕದಾದ ಒಂದು ವಸ್ತುವಿನ ಬಗ್ಗೆ. ಸ್ಟ್ರಿಪ್ ಎಂಬ ತೆಳ್ಳನೆಯ ಪ್ಲಾಸ್ಟಿಕ್ ತುಂಡು. ತುದಿಯಲ್ಲಿ ಒಂದಿಷ್ಟು ಕಿಣ್ವ, ಅಲ್ಲಿಂದ ಹೊರಟ ಲೋಹದ ಸಣ್ಣ ಗೆರೆಗಳು. ಬೆರಳು ಚುಚ್ಚಿ ಒಂದು ಹನಿ ರಕ್ತ ಮುಟ್ಟಿಸಿದರೆ ಕಿಣ್ವವು ರಕ್ತದಲ್ಲಿರುವ ಸಕ್ಕರೆಯೊಡನೆ ವರ್ತಿಸಿ ಅತಿ ಸಣ್ಣ ವಿದ್ಯುತ್ತನ್ನು ಹರಿಸುತ್ತದೆ. ಗ್ಲುಕೋಮೀಟರ್ ಅದನ್ನು ಅಳೆದು ಕೆಲವೇ ಸೆಕೆಂಡುಗಳಲ್ಲಿ ಒಂದು ಅಂಕಿ ತೋರಿಸುತ್ತದೆ. ಅಂಕಿ ಓದಿದ ಮೇಲೆ ಸ್ಟ್ರಿಪ್ ಕಸದ ಬುಟ್ಟಿಗೆ. ಮತ್ತೆ ಅಳೆಯಬೇಕೆಂದರೆ ಇನ್ನೊಂದು ಸ್ಟ್ರಿಪ್. ಮೀಟರ್ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಸ್ಟ್ರಿಪ್ಪನ್ನು ಮಾತ್ರ ದಿನಸಿಯ ಹಾಗೆ ತಿಂಗಳು ತಿಂಗಳೂ ತರಬೇಕು. ಅದರಲ್ಲೂ ಒಂದು ಕಂಪನಿಯ ಮೀಟರಿಗೆ ಇನ್ನೊಂದು ಕಂಪನಿಯ ಸ್ಟ್ರಿಪ್ ಹೊಂದುವುದಿಲ್ಲ.

ದೆಹಲಿಯಲ್ಲಿ, ಅದಕ್ಕೆ ಅಂಟಿಕೊಂಡ ನೋಯ್ಡಾ, ಗಾಜಿಯಾಬಾದ್, ಗುರುಗ್ರಾಮ, ಫರೀದಾಬಾದ್‌ಗಳಲ್ಲಿ ಈ ತುಂಡು ಯಾರ ಕೈಗೆ ಸಿಗುತ್ತದೆ, ಯಾರ ಕೈಗೆ ಸಿಗುವುದಿಲ್ಲ ಎಂಬುದರ ಮೇಲೆ ಎಷ್ಟೋ ಜನರ ಕಣ್ಣು, ಕಾಲು, ಮೂತ್ರಪಿಂಡ ನಿಂತಿವೆ. ಈ ಮಾತನ್ನು ನಾನು ತೂಗಿಯೇ ಹೇಳುತ್ತಿದ್ದೇನೆ.

ಸಕ್ಕರೆ ಕಾಯಿಲೆ ಎಂದ ಕೂಡಲೇ ನಮಗೆ ನೆನಪಾಗುವುದು ನಡುವಯಸ್ಸು, ಮಾತ್ರೆ, ಬೆಳಗಿನ ವಾಕಿಂಗ್. ಅದು ಟೈಪ್ ಟು. ಹೆಚ್ಚಿನವರದು ಅದೇ. ಇನ್ನೊಂದಿದೆ, ಟೈಪ್ ಒನ್. ಸಾಮಾನ್ಯವಾಗಿ ಮಕ್ಕಳಲ್ಲಿ, ಹದಿಹರೆಯದಲ್ಲಿ ಕಾಣಿಸಿಕೊಳ್ಳುತ್ತದೆ. ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಂದುಹಾಕುತ್ತದೆ. ಮಗು ಸಿಹಿ ತಿಂದಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ತಾಯಿಯ ತಪ್ಪಂತೂ ಅಲ್ಲವೇ ಅಲ್ಲ. ಹೊರಗಿನಿಂದ ಇನ್ಸುಲಿನ್ ಕೊಡದಿದ್ದರೆ ಆ ಮಗು ಬದುಕುವುದಿಲ್ಲ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಂತೆ, ಇಪ್ಪತ್ತು ತುಂಬದ ಟೈಪ್ ಒನ್ ಮಕ್ಕಳು ಜಗತ್ತಿನಲ್ಲೇ ಅತಿ ಹೆಚ್ಚು ಇರುವುದು ಭಾರತದಲ್ಲಿ, ಎರಡು ಲಕ್ಷಕ್ಕೂ ಹೆಚ್ಚು.

ಇನ್ಸುಲಿನ್ ಕೊಟ್ಟರೆ ಸಾಕೆ? ಸಾಲದು. ಎಷ್ಟು ಕೊಡಬೇಕೆಂಬುದು ದಿನದಿನವೂ, ಹೊತ್ತುಹೊತ್ತಿಗೂ ಬದಲಾಗುತ್ತದೆ. ಮಗು ಇವತ್ತು ಎರಡು ರೊಟ್ಟಿ ತಿಂದಿತೋ ನಾಲ್ಕೋ, ಮೈದಾನದಲ್ಲಿ ಓಡಿತೋ ಇಲ್ಲವೋ, ಜ್ವರ ಬಂದಿದೆಯೋ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹೆಚ್ಚಾಗಿ ಬಿದ್ದರೆ ಸಕ್ಕರೆ ಕುಸಿಯುತ್ತದೆ. ಈ ಮನೆಗಳವರು ಅದನ್ನು 'ಲೋ' ಎನ್ನುತ್ತಾರೆ. ಕೈ ನಡುಗುತ್ತದೆ, ಮೈ ಬೆವರುತ್ತದೆ, ಮಾತು ತೊದಲುತ್ತದೆ. ಕೂಡಲೇ ಸಕ್ಕರೆ ನೀರು ಬಾಯಿಗೆ ಬೀಳದಿದ್ದರೆ ಪ್ರಜ್ಞೆ ತಪ್ಪುತ್ತದೆ, ಫಿಟ್ಸ್ ಬರುತ್ತದೆ, ನಿದ್ದೆಯಲ್ಲಿ ಹೀಗಾದರೆ ಪ್ರಾಣವೇ ಹೋಗಬಹುದು. ಆದ್ದರಿಂದ ಪ್ರತಿ ಸಲ ಚುಚ್ಚುಮದ್ದಿಗೆ ಮೊದಲು ಒಂದು ಅಂಕಿ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2022ರ ಜೂನ್‌ನಲ್ಲಿ ಟೈಪ್ ಒನ್‌ಗೆಂದೇ ಮಾರ್ಗಸೂಚಿ ಹೊರತಂದಿತು. ಮನೆಯಲ್ಲಿಯೇ ರಕ್ತದ ಸಕ್ಕರೆ ಅಳೆದುಕೊಳ್ಳುವುದು ಅದರ ಪ್ರಕಾರವೂ ಚಿಕಿತ್ಸೆಯ ಒಂದು ಭಾಗ. ಅನುಕೂಲವಿದ್ದವರು ಮಾಡಿಕೊಳ್ಳುವ ಉಪಚಾರ ಅದಲ್ಲ.

ಈಗ ಲೆಕ್ಕ ಮಾಡೋಣ. ಪೆನ್ನು ಬೇಡ, ಬಾಯಿಲೆಕ್ಕ ಸಾಕು. ದೆಹಲಿಯ ಔಷಧಿ ಅಂಗಡಿಯಲ್ಲಿ ಹೆಸರಾಂತ ಬ್ರಾಂಡಿನ ಒಂದು ಸ್ಟ್ರಿಪ್‌ಗೆ ಹದಿನೈದರಿಂದ ಇಪ್ಪತ್ತು ರೂಪಾಯಿ. ಕಡಿಮೆಯದನ್ನೇ ಹಿಡಿಯೋಣ. ದಿನಕ್ಕೆ ನಾಲ್ಕು ಸಲ ಅಳೆದರೆ 60 ರೂಪಾಯಿ, ತಿಂಗಳಿಗೆ 1,800. ಜ್ವರ ಬಂದ ವಾರ ಇದು ದುಪ್ಪಟ್ಟು. ಇದರ ಮೇಲೆ ಇನ್ಸುಲಿನ್, ಸೂಜಿ, ಬೆರಳು ಚುಚ್ಚುವ ಲ್ಯಾನ್ಸೆಟ್, ಆಸ್ಪತ್ರೆಗೆ ಹೋಗಿಬರುವ ಖರ್ಚು, ಹೋದ ದಿನದ ಕೂಲಿ. ದೆಹಲಿಯಲ್ಲಿ 2025ರ ಏಪ್ರಿಲ್‌ನಿಂದ ಕೌಶಲವಿಲ್ಲದ ಕೆಲಸಕ್ಕೆ ನಿಗದಿಯಾದ ಕನಿಷ್ಠ ವೇತನ ತಿಂಗಳಿಗೆ 18,456 ರೂಪಾಯಿ. ಯಮುನೆ ದಾಟಿ ಉತ್ತರ ಪ್ರದೇಶದ ನೋಯ್ಡಾಕ್ಕೆ ಹೋದರೆ ಅದೇ ವರ್ಷ ಅದು ಹನ್ನೊಂದು ಸಾವಿರದ ಆಸುಪಾಸು ಇತ್ತು. ಕಾಗದದ ಮೇಲಿನ ಮಾತಿದು. ಮನೆಗೆಲಸ ಮಾಡುವ ಹೆಂಗಸಿಗೆ, ಕಟ್ಟಡದಲ್ಲಿ ಇಟ್ಟಿಗೆ ಹೊರುವವನಿಗೆ ಅಷ್ಟೂ ಕೈಗೆ ಬರುವುದು ಅಪರೂಪ. ಬಾಡಿಗೆ, ಹಿಟ್ಟು, ಹಾಲು, ಮಕ್ಕಳ ಬಸ್ಸು ಕಳೆದು ಆ ಮನೆಯಲ್ಲಿ ಸ್ಟ್ರಿಪ್‌ಗೆ ಏನು ಉಳಿಯುತ್ತದೆ?

ಆಗ ಮನೆಯವರು ತಮಗೆ ತೋಚಿದ ದಾರಿ ಹಿಡಿಯುತ್ತಾರೆ. ದಿನಕ್ಕೆ ನಾಲ್ಕರ ಬದಲು ಒಂದು ಸಲ, ಆಮೇಲೆ ಎರಡು ದಿನಕ್ಕೊಂದು ಸಲ, ಕೊನೆಗೆ ಮಗು ಮಂಕಾಗಿ ಕಂಡಾಗ ಮಾತ್ರ ಅಳೆಯುತ್ತಾರೆ. ಒಂದೇ ಸೂಜಿಯನ್ನು ಮೊನೆ ಮೊಂಡಾಗುವವರೆಗೆ ಬಳಸುತ್ತಾರೆ. ಇವುಗಳಿಗಿಂತ ಮನಸ್ಸು ಕಲಕುವ ಇನ್ನೊಂದು ಉಪಾಯವಿದೆ. ಅಳೆಯಲು ಸ್ಟ್ರಿಪ್ ಇಲ್ಲ, ರಾತ್ರಿ 'ಲೋ' ಆದರೆ ಗತಿಯೇನು ಎಂಬ ಹೆದರಿಕೆ ಕಾಡುತ್ತದೆ. ಅದಕ್ಕೆ ತಾಯಿ ಬೇಕೆಂದೇ ಇನ್ಸುಲಿನ್ ಎರಡು ಯೂನಿಟ್ ಕಡಿಮೆ ಕೊಡುತ್ತಾಳೆ. ಸಕ್ಕರೆ ಏರಿಯೇ ಇರಲಿ, ಮಗು ಬೆಳಿಗ್ಗೆ ಎದ್ದರೆ ಸಾಕು ಎಂದುಕೊಳ್ಳುತ್ತಾಳೆ. ಆ ರಾತ್ರಿಯ ಮಟ್ಟಿಗೆ ಅವಳ ಲೆಕ್ಕ ಸರಿಯಾದದ್ದೇ. ಆದರೆ ಅಂಥ ರಾತ್ರಿಗಳು ಹತ್ತು ಹನ್ನೆರಡು ವರ್ಷ ಕೂಡಿಕೊಂಡಾಗ, ಕಾಲೇಜಿಗೆ ಹೋಗಬೇಕಾದ ಹುಡುಗನ ಅಕ್ಷಿಪಟಲದಲ್ಲಿ ರಕ್ತ ಒಸರತೊಡಗುತ್ತದೆ, ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗುತ್ತದೆ. ಆ ತಾಯಿ ಅಲಕ್ಷ್ಯ ಮಾಡಿದಳೆಂದು ಹೇಳುವ ವೈದ್ಯರು ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಅವಳ ಕೈಗೆ ಔಷಧಿ ಕೊಟ್ಟು ಅಳತೆಯನ್ನು ಕೊಡದೆ ಕಳಿಸಿದ್ದು ನಾವು.

ಇದೇ ದೆಹಲಿಯಲ್ಲಿ ಇನ್ನೊಂದು ಮನೆಯೂ ಇದೆ. ಅಲ್ಲಿ ಮಗುವಿನ ತೋಳಿನ ಹಿಂಭಾಗದಲ್ಲಿ ಎರಡು ರೂಪಾಯಿ ನಾಣ್ಯಕ್ಕಿಂತ ತುಸು ಅಗಲವಾದ ಬಿಳಿ ಸೆನ್ಸರ್ ಅಂಟಿಕೊಂಡಿರುತ್ತದೆ. ಚರ್ಮದಡಿಗೆ ಇಳಿದ ಸಣ್ಣ ತಂತು ಹಗಲಿರುಳೂ ಸಕ್ಕರೆ ಅಳೆದು ಮೊಬೈಲಿಗೆ ಕಳಿಸುತ್ತದೆ. ಗುರುಗ್ರಾಮದ ಸೈಬರ್ ಸಿಟಿಯ ಕಚೇರಿಯಲ್ಲಿ ಕೂತ ತಾಯಿಗೆ ವಸಂತ ಕುಂಜದ ಶಾಲೆಯಲ್ಲಿರುವ ಮಗಳ ಅಂಕಿ ಕಾಣುತ್ತದೆ. ಅಂಕಿಯ ಪಕ್ಕದ ಬಾಣ ಕೆಳಮುಖವಾದರೆ ಶಾಲೆಗೆ ಫೋನ್ ಮಾಡುತ್ತಾಳೆ, ಶಿಕ್ಷಕಿ ಮಗುವಿಗೆ ಹಣ್ಣಿನ ರಸ ಕುಡಿಸುತ್ತಾರೆ. ಇದು ಅದ್ಭುತವಾದ ಯಂತ್ರ, ಹೊಗಳಲು ನನಗೆ ಯಾವ ಹಿಂಜರಿಕೆಯೂ ಇಲ್ಲ. ಅಬಾಟ್ ಕಂಪನಿಯ ಫ್ರೀಸ್ಟೈಲ್ ಲಿಬ್ರೆ 2020ರ ಕೊನೆಯಲ್ಲಿ ನಮ್ಮಲ್ಲಿ ಮನೆಬಳಕೆಗೆ ಬಂತು. ಒಂದು ಸೆನ್ಸರ್ ಹದಿನಾಲ್ಕು ದಿನ ಬಾಳುತ್ತದೆ. ಅದರ ಬೆಲೆ ನಾಲ್ಕೂವರೆಯಿಂದ ಐದು ಸಾವಿರ ರೂಪಾಯಿ, ಅಂದರೆ ತಿಂಗಳಿಗೆ ಸುಮಾರು ಹತ್ತು ಸಾವಿರ. ಮೊದಲು ಹೇಳಿದ 2025ರ ಕನಿಷ್ಠ ವೇತನಗಳನ್ನು ನೆನಪಿಗೆ ತಂದುಕೊಳ್ಳಿ. ದೆಹಲಿಯಲ್ಲಿ ಇದು ಅರ್ಧಕ್ಕಿಂತ ಹೆಚ್ಚು ಸಂಬಳ, ನೋಯ್ಡಾದಲ್ಲಿ ಹೆಚ್ಚುಕಡಿಮೆ ಪೂರ್ತಿ. ಅಳೆಯುವುದು, ಇನ್ಸುಲಿನ್ ಕೊಡುವುದು ಎರಡನ್ನೂ ಜೋಡಿಸಿ ತಾನೇ ನಡೆಸುವ ಪಂಪ್‌ಗಳ ಬೆಲೆ ಲಕ್ಷಗಳಲ್ಲಿದೆ.

ಸಂಗಮ ವಿಹಾರದ ಓಣಿಯಲ್ಲೋ ಸೀಮಾಪುರಿಯಲ್ಲೋ ಇರುವ ತಾಯಿಗೆ ಮೊಬೈಲ್ ಎಚ್ಚರಿಕೆ ಕೊಡುವುದಿಲ್ಲ. ರಾತ್ರಿ ಎರಡು ಗಂಟೆಗೆ ಅವಳೇ ಏಳಬೇಕು. ಎದ್ದು ಮಗುವಿನ ಕತ್ತು ಸವರಿ ಬೆವರಿದೆಯೇ ಎಂದು ನೋಡಬೇಕು. ದೆಹಲಿಯ ಜೂನ್ ತಿಂಗಳಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಬೆವರದವರು ಯಾರು?

ಅಮೆರಿಕದಲ್ಲಿ ಜಾನ್ ಕಾಸ್ಟಿಕ್ ಎಂಬ ಎಂಜಿನಿಯರ್ ತಂದೆ 2013ರಲ್ಲಿ ತನ್ನ ಮಗನ ಸೆನ್ಸರಿನ ಅಂಕಿಗಳನ್ನು ದೂರದಿಂದಲೇ ನೋಡುವಂತೆ ಸ್ವತಃ ಪ್ರೋಗ್ರಾಂ ಬರೆದರು. ಅದೇ ಬೆಳೆದು 'ನೈಟ್‌ಸ್ಕೌಟ್' ಆಯಿತು, ಜಗತ್ತಿನ ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಕಂಪನಿಗಳು ಕೊಡುವ ತನಕ ಕಾಯುವುದಿಲ್ಲ ಎಂದು ಹೊರಟ ತಂದೆತಾಯಂದಿರ ಕೆಲಸ ಅದು, ದೊಡ್ಡ ಕೆಲಸ. ಅದರ ಬಾಗಿಲು ತೆರೆಯಲು ಮಾತ್ರ ಮೊದಲು ತೋಳಿನ ಮೇಲೆ ಸೆನ್ಸರ್ ಬೇಕು.

ಸಕ್ಕರೆ ಕಾಯಿಲೆ ಶ್ರೀಮಂತರ ಕಾಯಿಲೆ ಎಂಬ ಹಳೆಯ ಮಾತು ಇನ್ನೂ ಚಾಲ್ತಿಯಲ್ಲಿದೆ, ಆದರೆ ಅದು ನಿಜವಲ್ಲ. ಮಧುಮೇಹ ತಜ್ಞ ಡಾ. ಅನೂಪ್ ಮಿಶ್ರಾ ಮತ್ತು ಅವರ ಸಂಗಡಿಗರು ಉತ್ತರ ಭಾರತದ ನಗರದ ಕೊಳೆಗೇರಿಯೊಂದರಲ್ಲಿ ಮಾಡಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಅಲ್ಲಿನ ವಯಸ್ಕರಲ್ಲಿ ಹತ್ತಕ್ಕೆ ಒಬ್ಬರಿಗೆ ಮಧುಮೇಹವಿತ್ತು. ದೆಹಲಿ, ಚೆನ್ನೈ, ಕರಾಚಿಗಳನ್ನು ಒಟ್ಟಿಗಿಟ್ಟು ನಡೆದ ಇನ್ನೊಂದು ಸಮೀಕ್ಷೆಯಲ್ಲಿ ದೆಹಲಿಯ ವಯಸ್ಕರಲ್ಲಿ ನಾಲ್ವರಲ್ಲೊಬ್ಬರಿಗೆ ಇತ್ತು. ಅದರ ವರದಿ ಬಂದದ್ದು 2015ರಲ್ಲಿ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ಇಡೀ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿ ದಾಟಿದೆ ಎಂದಿತು. ಕಾಯಿಲೆ ಎಲ್ಲರ ಮನೆಗೂ ಬಂದಾಗಿದೆ. ಅದನ್ನು ಅಳೆಯುವ ಸಾಧನ ಕೆಲವರ ಮನೆಯಲ್ಲಿದೆ.

ಇನ್ಸುಲಿನ್ನಿನ ಕಥೆ ಹೀಗೆ ಶುರುವಾದದ್ದಲ್ಲ. 1922ರ ಜನವರಿ 11ರಂದು ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಲೆನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಮೊದಲ ಇನ್ಸುಲಿನ್ ಚುಚ್ಚಿದರು. ಅಲ್ಲಿಯ ತನಕ ಇಂಥ ಮಕ್ಕಳಿಗೆ ವೈದ್ಯರ ಬಳಿ ಇದ್ದದ್ದು ಅರೆಹೊಟ್ಟೆಯ ಪಥ್ಯ ಮಾತ್ರ. ಮರುವರ್ಷ ಸಂಶೋಧಕರು ತಮ್ಮ ಪೇಟೆಂಟ್ ಹಕ್ಕನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. ಅಲ್ಲಿಂದ ಮುಂದಿನ ನೂರು ವರ್ಷದಲ್ಲಿ ಜಗತ್ತಿನ ಇನ್ಸುಲಿನ್ ಮಾರುಕಟ್ಟೆ ಹೆಚ್ಚುಕಡಿಮೆ ಮೂರು ಕಂಪನಿಗಳ ಕೈಗೆ ಹೋಯಿತು. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ 'ಇನ್ಸುಜೆನ್' ಎಂಬ ಮಾನವ ಇನ್ಸುಲಿನ್ ತಂದಾಗ ಅದು ಬರಿಯ ವ್ಯಾಪಾರದ ಸುದ್ದಿಯಾಗಿರಲಿಲ್ಲ. 2019ರಲ್ಲಿ ಅದೇ ಸಂಸ್ಥೆ, ಬಡ ಮತ್ತು ಮಧ್ಯಮ ಆದಾಯದ ದೇಶಗಳ ಸರ್ಕಾರಗಳಿಗೆ ದಿನಕ್ಕೆ ಹತ್ತು ಸೆಂಟ್‌ಗಿಂತ ಕಡಿಮೆಗೆ ಇನ್ಸುಲಿನ್ ಕೊಡುವುದಾಗಿ ಘೋಷಿಸಿತು. ಅಂದಿನ ನಮ್ಮ ದುಡ್ಡಿನಲ್ಲಿ ಸುಮಾರು ಏಳು ರೂಪಾಯಿ. ಇವತ್ತು ಬೆಲೆ ನಿಯಂತ್ರಣದಡಿ ಇರುವ ಮಾನವ ಇನ್ಸುಲಿನ್ನಿನ ಹತ್ತು ಮಿಲಿಲೀಟರ್ ಬಾಟಲಿ ನಮ್ಮಲ್ಲಿ ನೂರೈವತ್ತರ ಆಸುಪಾಸಿಗೆ ಸಿಗುತ್ತದೆ. ಅದರಲ್ಲಿ 400 ಯೂನಿಟ್ ಇರುತ್ತದೆ, ಚಿಕ್ಕ ಮಗುವಿಗೆ ಎರಡು ಮೂರು ವಾರಕ್ಕೆ ಬರುತ್ತದೆ.

ಅಂದರೆ ಈಗ ಔಷಧಿಗಿಂತ ಅದರ ಅಳತೆ ದುಬಾರಿ. ಇನ್ಸುಲಿನ್ನಿಗಾಗಿ ನಡೆದ ಹೋರಾಟ ಎಷ್ಟೋ ಮಟ್ಟಿಗೆ ಗೆದ್ದಿದೆ. ಅದರ ಪಕ್ಕದಲ್ಲಿರಬೇಕಾದ ಸ್ಟ್ರಿಪ್, ಸೂಜಿ, ಸೆನ್ಸರ್‌ಗಳಿಗಾಗಿ ಹೋರಾಟ ಸರಿಯಾಗಿ ಶುರುವೇ ಆಗಿಲ್ಲ. ಗೆದ್ದ ಜಾಗವೂ ಗಟ್ಟಿಯಲ್ಲ. 2024ರಲ್ಲಿ ದಕ್ಷಿಣ ಆಫ್ರಿಕದ ಸರ್ಕಾರಿ ಆಸ್ಪತ್ರೆಗಳಿಗೆ ಮಾನವ ಇನ್ಸುಲಿನ್ ಪೆನ್ ಒದಗಿಸುವ ಒಪ್ಪಂದವನ್ನು ಆ ಮೂರು ಕಂಪನಿಗಳಲ್ಲೊಂದಾದ ನೋವೊ ನಾರ್ಡಿಸ್ಕ್ ಮುಂದುವರಿಸಲಿಲ್ಲ, ಅಲ್ಲಿನ ರೋಗಿಗಳು ಮತ್ತೆ ಬಾಟಲಿ, ಸಿರಿಂಜಿಗೆ ಮರಳಬೇಕಾಯಿತು. ಪೆನ್ ಅಂದರೆ ಬರಿಯ ಸೊಗಸಲ್ಲ. ಕಣ್ಣು ಮಂಜಾದ ಮುದುಕಿ ಕೂಡ ಕಟಕಟ ಸದ್ದು ಎಣಿಸಿ ಯೂನಿಟ್ ಹಾಕಿಕೊಳ್ಳಬಹುದು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ದೇಶದಲ್ಲಿ ಬಾಟಲಿಯ ಮಾನವ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನ ಕಾರ್ಟ್ರಿಜ್‌ನಲ್ಲಿರುವುದು 100 ಯೂನಿಟ್. ಪೆನ್ ಇಲ್ಲದೆ ಕಾರ್ಟ್ರಿಜ್ ಮಾತ್ರ ಸಿಕ್ಕಿತೆಂದು ಅದರಿಂದ ನಲವತ್ತರ ಸಿರಿಂಜಿನಲ್ಲಿ ಎಳೆದುಕೊಂಡರೆ ಮೈಗೆ ಹೋಗುವುದು ಎರಡೂವರೆ ಪಟ್ಟು ಇನ್ಸುಲಿನ್. ಎಲ್ಲೆಲ್ಲಿಂದಲೋ ಹೊಂದಿಸಿಕೊಂಡ ಸಾಮಗ್ರಿಯಲ್ಲಿ ದಿನ ದೂಡುವ ಮನೆಗಳಲ್ಲಿಯೇ ಇಂಥ ಅಪಾಯ ಹೆಚ್ಚು. ಬಾಟಲಿಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡೂ ಒಂದೇ ಇರಬೇಕು. ನಿಮ್ಮ ಪರಿಚಯದವರಿಗೆ ಇದನ್ನು ದಯವಿಟ್ಟು ತಿಳಿಸಿ.

ಸರ್ಕಾರ ಏನೂ ಮಾಡಿಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. ದೆಹಲಿಯಲ್ಲಿ ಒಂದು ಕಾರ್ಡು ಕೈಯಲ್ಲಿದ್ದರೆ ಬಾಳೇ ಬೇರೆ. ಇಲ್ಲಿನ ಕನ್ನಡಿಗರನ್ನೇ ನೋಡಿ. ಕೇಂದ್ರ ಸರ್ಕಾರದ ನೌಕರಿಯಲ್ಲಿರುವವರಿಗೆ, ನಿವೃತ್ತರಿಗೆ ಸಿಜಿಎಚ್‌ಎಸ್ ಎಂಬ ಆರೋಗ್ಯ ಯೋಜನೆ ಇದೆ, ಇನ್ಸುಲಿನ್ ಬಡಾವಣೆಯ ಕೇಂದ್ರದಲ್ಲೇ ಸಿಗುತ್ತದೆ. ಕಾರ್ಖಾನೆಯಲ್ಲೋ ದೊಡ್ಡ ಹೋಟೆಲಿನಲ್ಲೋ 21,000 ರೂಪಾಯಿಯೊಳಗಿನ ಸಂಬಳಕ್ಕೆ ದುಡಿಯುವವರ ಹೆಸರು ನೋಂದಾಯಿತವಾಗಿದ್ದರೆ ನೌಕರರ ವಿಮೆಯ ಇಎಸ್‌ಐ ಡಿಸ್ಪೆನ್ಸರಿ ಇದೆ. ಊರಿನಿಂದ ಬಂದು ಯಾವುದೋ ಚಿಕ್ಕ ಮೆಸ್ಸಿನಲ್ಲಿ ಅಡುಗೆ ಮಾಡುವವನಿಗೆ ಎರಡೂ ಇಲ್ಲ. ಒಂದೇ ಭಾಷೆ, ಒಂದೇ ಹಬ್ಬದ ಪಂಕ್ತಿ, ಎದ್ದು ಕೈ ತೊಳೆದ ಮೇಲೆ ಇಬ್ಬರ ಸಕ್ಕರೆ ಕಾಯಿಲೆ ಎರಡು ಬೇರೆ ಬೇರೆ ಕಾಯಿಲೆಗಳಾಗುತ್ತವೆ.

2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ವಿಮೆಗೆ ದೆಹಲಿ 2025ರ ಏಪ್ರಿಲ್‌ನಲ್ಲಿ ಸೇರಿತು. ಆಸ್ಪತ್ರೆಯಲ್ಲಿ ದಾಖಲಾದರೆ ಲಕ್ಷಗಟ್ಟಲೆ ವೆಚ್ಚ ಭರಿಸುವ ಯೋಜನೆ, ಎಷ್ಟೋ ಮನೆಗಳನ್ನು ಸಾಲದಿಂದ ಉಳಿಸಿದೆ. ಆದರೆ ಹೊರರೋಗಿಯ ಖರ್ಚು ಅದರೊಳಗಿಲ್ಲ. ಸಕ್ಕರೆ ಕಾಯಿಲೆ ಬಹುಮಟ್ಟಿಗೆ ಹೊರರೋಗಿಯ ಕಾಯಿಲೆ. ಅದನ್ನು ಹತೋಟಿಯಲ್ಲಿಡುವುದು ಅಡುಗೆಮನೆಯಲ್ಲಿ, ಶಾಲೆಯ ಊಟದ ಬಿಡುವಿನಲ್ಲಿ, ರಾತ್ರಿ ಹಾಸಿಗೆಯ ಪಕ್ಕ. ಅಲ್ಲಿ ಒಂದು ಸ್ಟ್ರಿಪ್‌ಗೆ ಬೇಕಾದ ಹದಿನೈದು ರೂಪಾಯಿಗೆ ವಿಮೆಯಿಲ್ಲ. ಆ ಹದಿನೈದು ರೂಪಾಯಿ ಇಲ್ಲದೆ ಮೂತ್ರಪಿಂಡ ಸೋತರೆ ಡಯಾಲಿಸಿಸ್‌ಗೆ ವಿಮೆಯಿದೆ, ಗಾಯ ಕೊಳೆತು ಕಾಲು ತೆಗೆಯಬೇಕಾದರೆ ಅದಕ್ಕೂ ವಿಮೆಯಿದೆ. ಈ ಏರ್ಪಾಡಿನಲ್ಲಿ ಯಾರ ಕೆಟ್ಟ ಉದ್ದೇಶವೂ ಇಲ್ಲವೆಂದು ನಾನು ನಂಬುತ್ತೇನೆ. ಆದರೂ ಇದು ತಪ್ಪು ಏರ್ಪಾಡು. ಕಾಲು ಕಳೆದುಕೊಂಡ ಮೇಲೆ ಖರ್ಚು ಮಾಡುವ ಹಣದಲ್ಲಿ ಕಾಲು ಉಳಿಸಬಹುದಿತ್ತು.

ದೆಹಲಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಉಚಿತ, ರಕ್ತಪರೀಕ್ಷೆಯೂ ಉಚಿತ. ಏಮ್ಸ್‌ನಲ್ಲಿ 2023ರಲ್ಲಿ ಬಡ ರೋಗಿಗಳಿಗೆ ಇನ್ಸುಲಿನ್ ಬಾಟಲಿಗಳನ್ನೇ ಉಚಿತವಾಗಿ ಕೊಡತೊಡಗಿದರು. ಆಗ ಅಲ್ಲಿನ ನಿರ್ದೇಶಕರು ನಮ್ಮ ಯಾದಗಿರಿ ಮೂಲದ ಡಾ. ಎಂ. ಶ್ರೀನಿವಾಸ್ ಎಂಬುದನ್ನು ಸಂತೋಷದಿಂದ ಹೇಳುತ್ತೇನೆ. ತಿಂಗಳ ಇನ್ಸುಲಿನ್ ಒಟ್ಟಿಗೆ ಸಿಕ್ಕುವುದೆಂದರೆ ದೂರದಿಂದ ಬರುವವರಿಗೆ ಎಷ್ಟು ದೊಡ್ಡ ನಿರಾಳ! ಆದರೆ ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಮಾಡಿದ ರಕ್ತಪರೀಕ್ಷೆ ಆ ಒಂದು ಬೆಳಗಿನ ಸುದ್ದಿ ಹೇಳುತ್ತದೆ. ಉಳಿದ ಇಪ್ಪತ್ತೊಂಬತ್ತು ದಿನಗಳ ಇನ್ಸುಲಿನ್ ಅಂದಾಜಿನ ಮೇಲೆ ಹೋಗುತ್ತದೆ.

ಇಲ್ಲಿ ರಾಜ್ಯದ ಗಡಿಯ ತೊಡಕೂ ಇದೆ. ರಾಷ್ಟ್ರ ರಾಜಧಾನಿ ಪ್ರದೇಶ ದೆಹಲಿಯಲ್ಲದೆ ಹರಿಯಾಣ, ಉತ್ತರ ಪ್ರದೇಶ, ರಾಜಸ್ಥಾನಗಳಿಗೆ ಹರಡಿದೆ. ಜನ ಒಂದು ಕಡೆ ಮಲಗುತ್ತಾರೆ, ಇನ್ನೊಂದು ಕಡೆ ದುಡಿಯುತ್ತಾರೆ, ಮತ್ತೊಂದು ಕಡೆ ಆಸ್ಪತ್ರೆಗೆ ಹೋಗುತ್ತಾರೆ. ದಿಲ್‌ಶಾದ್ ಗಾರ್ಡನ್‌ನ ಗುರು ತೇಗ್ ಬಹಾದುರ್ ಆಸ್ಪತ್ರೆ ಗಾಜಿಯಾಬಾದ್, ಲೋನಿಯ ಬಡವರಿಗೂ ಹತ್ತಿರದ ದೊಡ್ಡ ಆಸ್ಪತ್ರೆ. 2018ರ ಅಕ್ಟೋಬರ್ 1ರಿಂದ ಅಲ್ಲಿ ಶೇಕಡ 80ರಷ್ಟು ಸೌಲಭ್ಯ ದೆಹಲಿಯ ಗುರುತಿನ ಚೀಟಿ ಇದ್ದವರಿಗೆ ಮೀಸಲಾಯಿತು. ಉಳಿದವರಿಗೆ ವೈದ್ಯರ ಸಲಹೆ ಸಿಗುತ್ತಿತ್ತು, ಉಚಿತ ಔಷಧಿ ಸಿಗುತ್ತಿರಲಿಲ್ಲ. ಒಂದು ಸಂಘಟನೆ ಹೈಕೋರ್ಟಿಗೆ ಹೋಯಿತು. ಹನ್ನೆರಡೇ ದಿನಕ್ಕೆ, ಅಕ್ಟೋಬರ್ 12ರಂದು, ದೆಹಲಿ ಹೈಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಒಳ್ಳೆಯ ತೀರ್ಪು. ದೆಹಲಿ ಸರ್ಕಾರದ ಕಷ್ಟವೂ ನಿಜವೇ ಆಗಿತ್ತು, ತನ್ನ ಬೊಕ್ಕಸದಿಂದ ನಾಲ್ಕು ರಾಜ್ಯಗಳ ರೋಗಿಗಳನ್ನು ಸಾಕಬೇಕಿತ್ತು. ಈ ಪ್ರದೇಶಕ್ಕೆಂದೇ 1985ರಿಂದ ಒಂದು ಯೋಜನಾ ಮಂಡಳಿ ಇದೆ. ದೆಹಲಿಯಿಂದ ಮೀರತ್‌ವರೆಗೆ ನಮೋ ಭಾರತ್ ರೈಲು ಓಡಿಸಲು ಸರ್ಕಾರಗಳು ಕೂಡಿಕೊಂಡವು. ರೈಲಿಗೆ ಕೂಡಿದವರು ಇನ್ಸುಲಿನ್, ಸ್ಟ್ರಿಪ್ ಕೊಳ್ಳಲು ಕೂಡಬಾರದೆ? ಒಟ್ಟಾಗಿ ಟೆಂಡರ್ ಕರೆದು ಕೊಂಡರೆ ಬೆಲೆ ಇಳಿಯುತ್ತದೆ, ಲೋನಿಯ ಮಗುವಿನ ಕಾರ್ಡು ದಿಲ್‌ಶಾದ್ ಗಾರ್ಡನ್‌ನಲ್ಲಿ ನಡೆಯುತ್ತದೆ.

ಬೇಸಿಗೆಯ ಮಾತು ಬೇರೆಯೇ. ಇನ್ಸುಲಿನ್ ಎರಡರಿಂದ ಎಂಟು ಡಿಗ್ರಿಯ ತಂಪಿನಲ್ಲಿರಬೇಕು. ಬಿಚ್ಚಿದ ಬಾಟಲಿಯನ್ನು ಸುಮಾರು ನಾಲ್ಕು ವಾರ ಹೊರಗಿಡಬಹುದು, ಆದರೆ ದೆಹಲಿಯಲ್ಲಿ ಹೊರಗಿನ ಶಾಖ ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುತ್ತದೆ. ತಗಡಿನ ಮಾಡಿನ ಕೆಳಗೆ ಫ್ರಿಜ್ ಇಲ್ಲ, ಇದ್ದರೂ ವಿದ್ಯುತ್ತಿನ ಭರವಸೆಯಿಲ್ಲ. ಇಲ್ಲಿ ಬಡವರ ಮನೆಯ ನೀರಿನ ಮಡಕೆ ನಿಜವಾದ ಸಾಧನ. ಒದ್ದೆ ಮರಳು ತುಂಬಿದ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆಯಿಟ್ಟು ಅದರಲ್ಲಿ ಬಾಟಲಿ ಇಟ್ಟರೆ ಶಾಖ ಎಷ್ಟೋ ಇಳಿಯುತ್ತದೆ. ಗಡಿಗಳಿಲ್ಲದ ವೈದ್ಯರ ಸಂಘಟನೆ ಮತ್ತು ಜಿನೀವಾ ವಿಶ್ವವಿದ್ಯಾಲಯ ಕೆನ್ಯಾದ ನಿರಾಶ್ರಿತರ ಶಿಬಿರದ ಉಷ್ಣತೆಯನ್ನು ಆಧರಿಸಿ ಪರೀಕ್ಷಿಸಿ, 25ರಿಂದ 37 ಡಿಗ್ರಿಯ ನಡುವೆ ಏರಿಳಿದರೂ ನಾಲ್ಕು ವಾರ ಇನ್ಸುಲಿನ್ ಕೆಡುವುದಿಲ್ಲವೆಂದು 2021ರಲ್ಲಿ ಪ್ರಕಟಿಸಿದವು. ಮಡಕೆ ಆ ಮಿತಿಯ ಹತ್ತಿರಕ್ಕೆ ತರಬಲ್ಲದು. ಸ್ಟ್ರಿಪ್ ಕೂಡ ಮೂವತ್ತು ಡಿಗ್ರಿ ಮೀರಿದರೆ ತಪ್ಪು ಅಂಕಿ ತೋರಿಸಬಹುದು, ಅದರ ಡಬ್ಬಿಯ ಮುಚ್ಚಳ ಬಿಗಿಯಾಗಿರಬೇಕು, ಬಿಸಿಲಿಗೆ ತಾಗಬಾರದು.

ದಾರಿ ಇಲ್ಲವೇ ಎಂದರೆ, ಇದೆ. ನಮ್ಮ ಕಾಸರಗೋಡಿನ ಕನ್ನಡ ಮನೆಗಳೂ ಸೇರಿರುವ ಕೇರಳದಲ್ಲಿ 2018ರಿಂದ 'ಮಿಠಾಯಿ' ಎಂಬ ಯೋಜನೆ ನಡೆಯುತ್ತಿದೆ. ಟೈಪ್ ಒನ್ ಮಕ್ಕಳಿಗೆ ಇನ್ಸುಲಿನ್, ಪೆನ್, ಸ್ಟ್ರಿಪ್, ಅಗತ್ಯ ಕಂಡವರಿಗೆ ಸೆನ್ಸರ್ ಮತ್ತು ಪಂಪ್ ಕೂಡ ಅಲ್ಲಿನ ಸಾಮಾಜಿಕ ಭದ್ರತಾ ಮಿಷನ್ ಉಚಿತವಾಗಿ ಒದಗಿಸುತ್ತದೆ. ಒಂದು ರಾಜ್ಯ ಸರ್ಕಾರ ಮಾಡಬಹುದಾದ ಕೆಲಸವೆಂದು ಅದು ತೋರಿಸಿಕೊಟ್ಟಿದೆ. ತಲಪಾಡಿ ಗಡಿಯ ಈಚೆ ಇರುವ ನಮ್ಮ ಕರ್ನಾಟಕವೂ, ದೇಶದ ರಾಜಧಾನಿಯೂ ಅದನ್ನು ನೋಡಿ ಕಲಿಯಲಿ.

ಬೆಲೆ ಇಳಿಸುವ ಕೆಲಸ ತುಂಡುತುಂಡಾಗಿ ನಡೆದಿದೆ. 2021ರ ಜುಲೈನಲ್ಲಿ ಗ್ಲುಕೋಮೀಟರ್ ಸೇರಿದಂತೆ ಐದು ಸಾಧನಗಳ ಮಾರಾಟ ಲಾಭಕ್ಕೆ ಶೇಕಡ 70ರ ಮಿತಿ ಹಾಕಿದರು. 2025ರ ಸೆಪ್ಟೆಂಬರ್ 22ರಿಂದ ಮೀಟರ್ ಮತ್ತು ಸ್ಟ್ರಿಪ್‌ಗಳ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಬಂತು. 2014ರ ಜನವರಿಯಲ್ಲಿ ಇದೇ ದೆಹಲಿಯಲ್ಲಿ ಐಸಿಎಂಆರ್ ನೆರವಿನಿಂದ ದೇಶದಲ್ಲೇ ರೂಪಿಸಿದ, ಕಡಿಮೆ ಬೆಲೆಯ ಮೀಟರ್ ಮತ್ತು ಸ್ಟ್ರಿಪ್‌ಗಳನ್ನು ಬಿಡುಗಡೆ ಮಾಡಿದ್ದರು. ಆ ಆಶೆ ಬಡಾವಣೆಯ ಅಂಗಡಿಯ ಬೆಲೆಯಲ್ಲಿ ಇನ್ನೂ ಕಾಣುತ್ತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ನವಕಾಂತ ಭಟ್ ಮತ್ತು ಡಾ. ವಿನಯ್ ಕುಮಾರ್ ಕಟ್ಟಿದ 'ಪಾತ್‌ಶೋಧ್', ಅಂಗೈಯಗಲದ ಯಂತ್ರದಲ್ಲಿ ಸಕ್ಕರೆಯ ಜೊತೆಗೆ ಕಳೆದ ಮೂರು ತಿಂಗಳ ಸರಾಸರಿಯನ್ನೂ ಅಳೆಯುವ ವಿಧಾನ ರೂಪಿಸಿತು. ಬುದ್ಧಿಗೆ ನಮ್ಮಲ್ಲಿ ಕೊರತೆಯಿಲ್ಲ. ತಯಾರಾದದ್ದನ್ನು ಸರ್ಕಾರ ದೊಡ್ಡ ಪ್ರಮಾಣದಲ್ಲಿ ಕೊಂಡು ಹಂಚಬೇಕು. ಪ್ರತಿ ಇನ್ಸುಲಿನ್ ಚೀಟಿಯ ಜೊತೆಗೆ ಇಷ್ಟು ಸ್ಟ್ರಿಪ್ ಎಂದು ವೈದ್ಯರು ಬರೆಯಬೇಕು, ಬರೆದದ್ದು ಅದೇ ಕಿಟಕಿಯಲ್ಲಿ ಸಿಗಬೇಕು. ನನ್ನ ಬೇಡಿಕೆ ಇಷ್ಟೇ.

ಅದು ಆಗುವ ತನಕ ನಾವೂ ಒಂದು ಕೆಲಸ ಮಾಡಬಹುದು. ನಮ್ಮ ಎಷ್ಟೋ ಮನೆಗಳಲ್ಲಿ ಮೀಟರ್ ಬದಲಾಯಿಸಿದಾಗ ಹಳೆಯದರ ಸ್ಟ್ರಿಪ್‌ಗಳು ಸೀಲ್ ಒಡೆಯದೆ ಉಳಿಯುತ್ತವೆ. ಹಿರಿಯರು ತೀರಿಕೊಂಡ ಮನೆಗಳಲ್ಲಿ ಕಪಾಟಿನೊಳಗೆ ಡಬ್ಬಿಗಳು ಹಾಗೆಯೇ ಇರುತ್ತವೆ. ದೆಹಲಿ ಕರ್ನಾಟಕ ಸಂಘದಂಥ ಸಂಸ್ಥೆಗಳು, ಬಡಾವಣೆಯ ನಿವಾಸಿಗಳ ಸಂಘಗಳು ಇವನ್ನು ಸಂಗ್ರಹಿಸಿ, ಒಬ್ಬ ವೈದ್ಯರ ಮೇಲ್ವಿಚಾರಣೆಯಲ್ಲಿ ಬೇಕಾದವರಿಗೆ ಮುಟ್ಟಿಸಬಹುದು. ಮನೆಗೆಲಸಕ್ಕೆ ಬರುವವರ ಮಗುವಿಗೆ ಈ ಕಾಯಿಲೆಯಿದೆಯೇ, ಇದ್ದರೆ ತಿಂಗಳಿಗೆ ಎಷ್ಟು ಸಲ ಅಳೆಯುತ್ತಾರೆ ಎಂದು ಕೇಳಿ ನೋಡಿ. ಆ ಮನೆಯಲ್ಲಿ ಮಗುವೊಂದು ಇದ್ದಕ್ಕಿದ್ದಂತೆ ತುಂಬ ನೀರು ಕುಡಿಯುತ್ತಿದ್ದರೆ, ಪದೇ ಪದೇ ಮೂತ್ರಕ್ಕೆ ಹೋಗುತ್ತ ಸೊರಗುತ್ತಿದ್ದರೆ ಅದೇ ದಿನ ಒಂದು ಹನಿ ರಕ್ತ ಪರೀಕ್ಷಿಸಿ, ಅಂಕಿ 200 ದಾಟಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸ್ಟ್ರಿಪ್ ಕೊಡುವಾಗ ಸೀಲ್ ಒಡೆಯದ ಡಬ್ಬಿಯನ್ನೇ ಕೊಡಿ, ಹೊಂದುವ ಮೀಟರನ್ನೂ ಜೊತೆಗೆ ಕೊಡಿ, ಅವಧಿ ಮುಗಿಯುವ ತಿಂಗಳನ್ನು ಅವರಿಗೆ ಬರುವ ಭಾಷೆಯಲ್ಲಿ ದೊಡ್ಡದಾಗಿ ಡಬ್ಬಿಯ ಮೇಲೆ ಬರೆದು ಕೊಡಿ.